ನಾಲ್ಕು ಫ್ಯಾನೂ ಒಳಕ್ಕೆ

ಹುಲ್ಲಹಳ್ಳಿಯ ಟೈಪಿಂಗ್ ಮೇಷ್ಟ್ರು ರಾಜೇಂದ್ರನಿಗೆ ಗೊತ್ತಿಲ್ಲದ ವಿಷಯಗಳು ಬೇಕಾದಷ್ಟಿದ್ದವು. ಆದರೆ ‘ನನಗೆ ಗೊತ್ತಿಲ್ಲ’ ಅನ್ನುವುದು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಟೈಪಿಂಗಿನಲ್ಲಿ ಸೀನಿಯರ್, ಶಾರ್ಟ್‌ಹ್ಯಾಂಡಿನಲ್ಲಿ ಜೂನಿಯರ್ ಪಾಸು ಮಾಡಿದ್ದ ಮನುಷ್ಯ ಈ ಎರಡು ಪದಗಳಲ್ಲಿ ಜೀವಮಾನವಿಡೀ ಫೇಲಾಗುತ್ತ ಬಂದಿದ್ದ.

ಬಸ್ ಸ್ಟ್ಯಾಂಡಿನ ಹಿಂದೆ, ಅಕ್ಕಿ ಗಿರಣಿಯ ಗೋಡೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಅವನ ಟೈಪಿಂಗ್ ಸಂಸ್ಥೆ. ಎರಡು ಸಾವಿರದ ಮೂರರ ಹೊತ್ತಿಗೆ ಟೈಪಿಂಗ್ ಕಲಿಯಲು ಬರುವವರು ನಿಂತುಹೋದರು. ಆಗ ಅವನು ಮೈಸೂರಿಗೆ ಹೋಗಿ ಒಂದು ಕಂಪ್ಯೂಟರ್ ತಂದು, ಬೋರ್ಡಿನ ಮೇಲೆ ‘ಟೈಪಿಂಗ್’ ಎಂದಿದ್ದ ಕಡೆ ‘ಮತ್ತು ಕಂಪ್ಯೂಟರ್’ ಎಂದು ಸೇರಿಸಿದ. ಊರು ಅವನನ್ನು ಇಂಜಿನಿಯರ್ ಎಂದು ತಿಳಿಯಿತು. ಅವನೂ ಊರನ್ನು ತಡೆಯಲಿಲ್ಲ. ಎದುರಿಗೆ ಇಡ್ಲಿ ಹೋಟೆಲ್ ಇಟ್ಟಿದ್ದ ಮಂಗಳಮ್ಮ ಒಮ್ಮೆ ಕೆಟ್ಟ ಮಿಕ್ಸಿ ತಂದು ತೋರಿಸಿದಾಗ, ಅದನ್ನು ಮೂರು ಸಲ ತಿರುಗಿಸಿ ನೋಡಿ, ಕಿವಿಗೆ ಹಿಡಿದು, “ಸಾಫ್ಟ್‌ವೇರ್ ಹೋಗಿದೆ” ಎಂದು ಗಂಭೀರವಾಗಿ ಹೇಳಿ ಕಳಿಸಿದ್ದ. ಮಂಗಳಮ್ಮ ಆ ಮಾತನ್ನು ಗಿರಾಕಿಗಳಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು, ಚಟ್ನಿಯನ್ನು ಒರಳಲ್ಲೇ ರುಬ್ಬಿದಳು.

ಮರುವರ್ಷ ಫೆಬ್ರವರಿಯಲ್ಲಿ ಸಾಕಮ್ಮ ಬಂದಳು.

ಸಾಕಮ್ಮನಿಗೆ ಎಂಬತ್ತು ದಾಟಿತ್ತು. ಸುತ್ತಲ ಏಳೆಂಟು ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಅವಳೇ. ಅಕ್ಷರ ಬಾರದು. ಆದರೆ ತನ್ನ ಕೈಗೆ ಬಿದ್ದ ಒಂದೊಂದು ಮಗುವೂ ಅವಳ ತಲೆಯಲ್ಲಿತ್ತು. ವಯಸ್ಸಿನ ದಾಖಲೆ ಬೇಕಾದವರು, ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುವವರು, ಎಲ್ಲರೂ ಅವಳನ್ನು ಬಸ್ಸಿಗೆ ಹತ್ತಿಸಿ ನಂಜನಗೂಡಿಗೆ ಕರೆದೊಯ್ದು ಸಾಕ್ಷಿ ಹೇಳಿಸುತ್ತಿದ್ದರು. ಅವಳ ಮಂಡಿ ಸವೆದುಹೋಗಿತ್ತು.

“ಎಲ್ಲಾನೂ ಒಂದೇ ಸಲ ಬರ್ಸ್‌ಬುಡ್ತೀನಿ ಕಣ್ ಮಗ,” ಎಂದಳು. “ಆಮೇಲೆ ಯಾರ್ಗ್ ಬೇಕೋ ಅವ್ರು ನಿನ್ನತ್ರ ಬಂದು ತಕೊಂಡೋಗ್ಲಿ. ನನ್ನ ಬಸ್ ಅತ್ತಿಸ್‌ಬ್ಯಾಡ್ರಿ.”

ರಾಜೇಂದ್ರನ ಎದೆ ಉಬ್ಬಿತು. ಮರುದಿನದಿಂದ ಅವಳು ಬೆಂಚಿನ ಮೇಲೆ ಕೂತು ಹೇಳುವುದು, ಅವನು ನೇರವಾಗಿ ಕಂಪ್ಯೂಟರಿಗೆ ಹೊಡೆಯುವುದು ಶುರುವಾಯಿತು.

“ಬರ್ಕೊ. ಕೆಳಗಲ ಬೀದಿ ಮಾದಮ್ಮನ ಮೂರ್ನೇದು. ನುಗು ಅಣೆಕಟ್ಟೇಲಿ ಕಲ್ಲು ಒರೋಕೆ ಜನ ಓಗ್ತಿದ್ದ ಕಾಲ. ರಾಗಿ ಕುಯ್ಲು, ಬುಧವಾರ. ಕಾಲು ಮುಂದಾಗಿ ಬಂತು ಮಗ. ಅವ್ರಪ್ಪ ಬೆಲ್ಲ ತತ್ತೀನಿ ಅಂತ ಬನ್ನೂರಿಗೆ ಓದೋನು, ಮಗೀಗೆ ಅಲ್ಲು ಬಂದ್ಮೇಲೆ ಬಂದ.”

“ಅದೆಲ್ಲ ಬೇಡ ಅವ್ವ. ಹೆಸರು, ತಾರೀಖು ಸಾಕು.”

“ಅದ ಬುಟ್ರೆ ಎಸರೂ ಬರಲ್ಲ ಕಣಪ್ಪ. ಎಲ್ಲಾ ಒಟ್ಗೆ ಕುಂತವೆ.”

ಅವಳು ಹೇಳಿದ್ದು ನಿಜ. ಬನ್ನೂರಿನ ಬೆಲ್ಲ ಬಿಟ್ಟರೆ ಮಗುವಿನ ಹೆಸರೂ ಹೋಗುತ್ತಿತ್ತು. ರಾಜೇಂದ್ರ ಬೆಲ್ಲವನ್ನೂ ಸೇರಿಸಿ ಹೊಡೆದ.

ಇದನ್ನು ಕೇಳಲು ಜನ ಸೇರತೊಡಗಿದರು. ತಾವು ಹುಟ್ಟಿದ್ದನ್ನು ತಾವೇ ಕೇಳುವ ಅವಕಾಶ ಯಾರಿಗೆ ಸಿಗುತ್ತದೆ. ಪಂಚಾಯ್ತಿ ಸದಸ್ಯ ನಿಂಗರಾಜು, ಸಭೆಗಳಲ್ಲಿ ಗುಡುಗುವವನು, ಹುಟ್ಟಿದಾಗ ಅಳಲೇ ಇಲ್ಲವೆಂದೂ ಅವನ ಬಾಯಿ ಬಿಡಿಸಲು ಸಾಕಮ್ಮ ಮೂರು ಸಲ ಬೆನ್ನಿಗೆ ಬಾರಿಸಬೇಕಾಯಿತೆಂದೂ ಗೊತ್ತಾಯಿತು. “ಬಾಯಿ ಮುಚ್ಸೋಕೂ ಒಂದೆರಡು ಏಟು ಉಳಿಸ್ಕೊಳ್ದೆ ತಪ್ಪು ಮಾಡ್ದೆ ಕಣವ್ವ,” ಎಂದಳು ಮಂಗಳಮ್ಮ. ನಿಂಗರಾಜು ಎರಡು ದಿನ ಆ ಕಡೆ ಸುಳಿಯಲಿಲ್ಲ.

ಏಪ್ರಿಲ್ ಹೊತ್ತಿಗೆ ಆರುನೂರು ಮಕ್ಕಳು ಹುಟ್ಟಿದ್ದರು. ಪ್ರಿಂಟ್ ತೆಗೆಯಿರಿ ಎಂದು ಯಾರಾದರೂ ಅಂದರೆ, “ಪೂರ್ತಿ ಆಗದೆ ಮುದ್ರಿಸೋ ಪದ್ಧತಿ ಇಲ್ಲ,” ಎನ್ನುತ್ತಿದ್ದ ರಾಜೇಂದ್ರ. ಫ್ಲಾಪಿಯಲ್ಲೊಂದು ಪ್ರತಿ ಇಡಿ ಎಂದು ಅವನಿಗೆ ಹೇಳುವಷ್ಟು ತಿಳಿದವರು ಹುಲ್ಲಹಳ್ಳಿಯಲ್ಲಿ ಇರಲಿಲ್ಲ. ಇದ್ದಿದ್ದರೂ ‘ಗೊತ್ತು’ ಎನ್ನುತ್ತಿದ್ದ.

ಅಷ್ಟರಲ್ಲಿ ಬಿಸಿಲು ಏರಿತು. ಶೀಟಿನ ಮಾಡು ಕಾದು, ಸಾಕಮ್ಮನ ಮಾತಿನ ಮಧ್ಯದಲ್ಲೇ ಕಂಪ್ಯೂಟರ್ ತಾನಾಗಿ ಆರಿಹೋಗತೊಡಗಿತು.

“ನಿದ್ದೆ ಬಂತಾ ಇದ್ಕೆ?” ಎಂದು ಕೇಳಿದಳು ಸಾಕಮ್ಮ.

“ಹೀಟಾಗಿದೆ,” ಎಂದ ರಾಜೇಂದ್ರ. ಅಷ್ಟು ಅವನಿಗೆ ಸರಿಯಾಗಿಯೇ ಗೊತ್ತಿತ್ತು.

ಮೈಸೂರಿಗೆ ಹೋಗಿ, ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಅಂಗಡಿಯ ಜಗನ್ ಹತ್ತಿರ ಮೂರು ಚಿಕ್ಕ ಫ್ಯಾನು ಕೇಳಿದ. ಪೆಟ್ಟಿಗೆಯ ಹಿಂಭಾಗದಲ್ಲಿ ಮೊದಲೇ ಒಂದಿತ್ತು. ಜಗನ್ ಫ್ಯಾನುಗಳನ್ನು ಕಾಗದದಲ್ಲಿ ಸುತ್ತುತ್ತ, “ಯಾವುದು ಯಾವ ಕಡೆ ಮುಖ ಮಾಡಿ ಕೂರಿಸ್ಬೇಕು ಅಂತ ತೋರಿಸ್ಲಾ ಸಾರ್?” ಎಂದ.

“ಗೊತ್ತು,” ಎಂದ ರಾಜೇಂದ್ರ.

ಊರಿಗೆ ಬಂದು, ಹತ್ತು ಜನರ ಮುಂದೆ ಪೆಟ್ಟಿಗೆ ಬಿಚ್ಚಿದ. ಫ್ಯಾನು ಒಂದು ಕಡೆಯಿಂದ ಗಾಳಿ ಎಳೆದು ಇನ್ನೊಂದು ಕಡೆ ಊದುತ್ತದೆ ಎಂಬುದನ್ನು ಕಾಗದದ ಚೂರು ಹಿಡಿದು ಕಂಡುಕೊಂಡ. ಮೂರನ್ನೂ ಒಳಕ್ಕೆ ಊದುವಂತೆ ಕೂರಿಸಿದ. ಆಮೇಲೆ ಹಿಂಭಾಗದ ಹಳೆಯದರ ಮುಂದೆ ಕಾಗದ ಹಿಡಿದರೆ ಅದು ಆಚೆಗೆ ಹಾರಿತು.

“ನೋಡಿದ್ರಾ,” ಎಂದ ಜನರ ಕಡೆ ತಿರುಗಿ. “ಇಷ್ಟು ದಿನ ಈ ಕಳ್ಳ ಒಳಗಿನ ಗಾಳೀನೆಲ್ಲ ಆಚೆ ಹಾಕ್ತಿದ್ದ.”

ಕಳ್ಳನನ್ನೂ ಬಿಚ್ಚಿ ಒಳಮುಖ ಮಾಡಿದ. ತಂಪು ಸೋರಬಾರದೆಂದು ಪೆಟ್ಟಿಗೆಯ ಪಕ್ಕದ ಕಿಂಡಿಗಳಿಗೆಲ್ಲ ಅಗಲವಾದ ಗಮ್ ಟೇಪು ಅಂಟಿಸಿದ. ನಾಲ್ಕೂ ಒಟ್ಟಿಗೆ ತಿರುಗಿದಾಗ ಗಿರಣಿಯಂತೆಯೇ ಸದ್ದು ಬಂತು. ಪಕ್ಕದ ಗಿರಣಿಯ ತೌಡಿನ ಧೂಳು ತೆಳ್ಳಗೆ ತೇಲಿಬಂದು ಪೆಟ್ಟಿಗೆಯೊಳಗೆ ಹೋಗುತ್ತಿದ್ದದ್ದನ್ನು ಯಾರೂ ಗಮನಿಸಲಿಲ್ಲ.

ಗಾಳಿಯ ದಿಕ್ಕನ್ನು ಗಮನಿಸಿದವನು ಮಾತ್ರ ಒಬ್ಬನಿದ್ದ. ದೊಡ್ಡಸಿದ್ದಯ್ಯ. ಹೈಸ್ಕೂಲಿನ ಅಟೆಂಡರ್. ಗಂಟೆ ಬಾರಿಸುವುದು, ಬೀಗ ಹಾಕುವುದು, ಮಕ್ಕಳಿಗೆ ನೀರು ತುಂಬಿಸುವುದು ಅವನ ಕೆಲಸ. ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಲ್ಲ. ಒಂದು ಮಧ್ಯಾಹ್ನ ತನ್ನ ಸರದಿ ಬರುತ್ತದೆಂದು ಸಾಕಮ್ಮನ ಮಾತು ಕೇಳಲು ಬಂದವನು, ಬಗ್ಗಿ ಪೆಟ್ಟಿಗೆಯ ಸುತ್ತ ಅಂಗೈ ಹಿಡಿದು ನೋಡಿದ. ಹಿಂಭಾಗಕ್ಕೂ ಕೈ ಹಾಕಿ ನೋಡಿದ.

“ಮೇಷ್ಟ್ರೇ, ನಾಲ್ಕೂ ಒಳಕ್ಕೇ ಊದ್ತಾವಲ್ಲ. ಒಳಗಿನ ಬಿಸಿ ಎತ್ತಗೆ ಹೋಗ್ಬೇಕು?”

“ಸಿದ್ದಯ್ಯನವರೇ, ಬೇಸಿಗೇಲಿ ಮನೇಲಿ ಫ್ಯಾನು ಹಾಕ್ಕೊಂಡ್ರೆ ನಿಮ್ಮ ಕಡೆ ತಿರುಗಿಸ್ಕೋತೀರೋ, ಬೀದಿ ಕಡೆಗೋ?”

ಜನ ನಕ್ಕರು.

“ಅಡುಗೆಮನೇಲಾದ್ರೆ ಬೀದಿ ಕಡೀಕೇ ಇಡ್ತೀವಿ ಮೇಷ್ಟ್ರೇ. ಹೊಗೆ ಹೋಗ್ಬೇಕಲ್ಲ.”

“ಇದು ಅಡುಗೆಮನೆ ಅಲ್ಲ, ಎಲೆಕ್ಟ್ರಾನಿಕ್ಸು. ಗಂಟೆ ಬಾರಿಸಿದಂಗಲ್ಲ ಇದು.”

ಜನ ಇನ್ನೂ ನಕ್ಕರು. ದೊಡ್ಡಸಿದ್ದಯ್ಯನೂ ಸುಮ್ಮನೆ ನಕ್ಕು ಬೆಂಚಿನ ತುದಿಯಲ್ಲಿ ಕೂತ. ಅವನ ಸರದಿ ಬಂತು.

“ಬಡಗಲ ಬೀದಿ ಸಿದ್ದಮ್ಮನ ಮೊದಲ್ನೇದು, ಇವ್ನು,” ಎಂದಳು ಸಾಕಮ್ಮ. “ಗಾಂಧಿ ಸತ್ತೋದ್ರು ಅಂತ ಚಾವಡೀಲಿ ತಮಟೆ ಒಡೆದ್ರಲ್ಲ, ಅವತ್ತು ನಾಲ್ಕು ತುಂಬಿತ್ತು.”

ದೊಡ್ಡಸಿದ್ದಯ್ಯನ ಮುಖ ಬಿಳಿಚಿತು. ಶಾಲೆಯ ರಿಜಿಸ್ಟರಿನಲ್ಲಿ ಅವನು ಹುಟ್ಟಿದ್ದೇ ಗಾಂಧಿ ತೀರಿಹೋದ ವರ್ಷ. “ಇಲ್ಲ ಕಣವ್ವ, ನಾನು ಅದೇ ವರ್ಷದೋನು,” ಎಂದ.

“ಅವತ್ತು ನಮ್ಮ ಜಗಲೀಲಿ ಕುಂತು ಉಣಸೆಣ್ಣು ತಿಂತಿದ್ದೆ. ಕಿತ್ಕೊಳೋಕೋದ್ರೆ ಕಚ್ಚಿದ್ದೆ. ಉಟ್ಟಿದ್ ಮಗ ಕಚ್ಚಾದಾ?” ಎಂದು ಸಾಕಮ್ಮ ಬೆರಳು ಚಾಚಿ ಗುರುತು ತೋರಿಸಿದಳು. ಎಲ್ಲರೂ ಬಗ್ಗಿ ನೋಡಿದರು. ಗುರುತು ಇತ್ತು.

ಅಂದರೆ ಅವನು ಎರಡು ವರ್ಷದ ಹಿಂದೆಯೇ ನಿವೃತ್ತನಾಗಬೇಕಿತ್ತು. ಕಚೇರಿಗಳು ರಿಜಿಸ್ಟರನ್ನು ನೋಡುತ್ತವೆಯೇ ಹೊರತು ಸಾಕಮ್ಮನ ಬೆರಳನ್ನಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ. “ನನ್ನದೊಂದ ಬುಟ್ಬುಡವ್ವ,” ಎಂದ ಮೆಲ್ಲಗೆ. “ಇನ್ನೆರಡು ವರ್ಷ ಸರ್ವಿಸ್ ಅದೆ. ಬಿಂದುಶ್ರೀ ಓದು ಮುಗೀಲಿ.” ಬಿಂದುಶ್ರೀ ಅವನ ಮಗಳು.

“ಎರಡು ದಿನ ನೋವು ತಿಂದವ್ಳೆ ನಿಮ್ಮವ್ವ. ಅದ ಎಂಗಪ್ಪ ಬುಡ್ಲಿ.”

ರಾಜೇಂದ್ರ ಕೀಬೋರ್ಡಿನ ಮೇಲೆ ಕೈಯಿಟ್ಟು, “ಕಂಪ್ಯೂಟರಿನಲ್ಲಿ ಸುಳ್ಳು ಹೋಗೋದಿಲ್ಲ ಸಿದ್ದಯ್ಯನವರೇ,” ಎಂದ.

ದೊಡ್ಡಸಿದ್ದಯ್ಯ ಎದ್ದು, ಟವೆಲು ಕೊಡವಿಕೊಂಡು, ನಗುತ್ತಲೇ ಹೇಳಿದ: “ಹಂಗಾದ್ರೆ ಈ ಪೆಟ್ಟಿಗೆ ಸುಟ್ಟೋಗೋದೇ ವಾಸಿ.”

ತಮಾಷೆಗೆ ಅಂದ ಮಾತು. ಎಲ್ಲರೂ ತಮಾಷೆಯೆಂದೇ ನಕ್ಕರು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಆರುನೂರ ನಲವತ್ತಮೂರನೆಯ ಮಗು ಇನ್ನೇನು ಹುಟ್ಟಬೇಕು ಎನ್ನುವಾಗ, ಕೋಣೆಯಲ್ಲಿ ಹುರಿದ ತೌಡಿನ ವಾಸನೆ ಬಂತು. ಮಂಗಳಮ್ಮ ತನ್ನ ಬಾಣಲೆ ಸೀದಿತೆಂದು ಒಳಗೆ ಓಡಿದಳು. ಆಮೇಲೆ ಪೆಟ್ಟಿಗೆಯೊಳಗೆ ‘ಟಪ್’ ಎಂದಿತು. ಹೊಗೆ, ಅಂಟಿಸಿದ್ದ ಟೇಪನ್ನು ಮೆಲ್ಲಗೆ ಎಬ್ಬಿಸಿಕೊಂಡು, ಕೊನೆಗೂ ಹೊರಗೆ ಬರುವ ದಾರಿ ಕಂಡುಕೊಂಡಿತು. ಸಾಕಮ್ಮ ಕುಡಿಯುವ ನೀರಿನ ಚೊಂಬು ಎತ್ತಿದಳು. ರಾಜೇಂದ್ರ ಅವಳ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಮೇನ್ ಸ್ವಿಚ್ ಇಳಿಸಿದ.

ಅರ್ಧ ಗಂಟೆಯಲ್ಲಿ ನಿಂಗರಾಜು ಬಂದ. ಕೈಯಲ್ಲಿ ನೋಟ್‌ಬುಕ್ಕು. ಮೂರು ಪೆಟ್ಟಿನ ಅವಮಾನ ಕಳೆದುಕೊಳ್ಳಲು ಅವನಿಗೊಂದು ತನಿಖೆ ಬೇಕಾಗಿತ್ತು.

“ಈ ಪೆಟ್ಟಿಗೆ ಮುಟ್ದೋರು ಯಾರ್ಯಾರು?”

“ಸಿದ್ದಯ್ಯ ಮುಟ್ಟಿದ್ದ,” ಎಂದಳು ಮಂಗಳಮ್ಮ. “ಇಂದ್ಗಡೆ ಕೈ ಆಕಿದ್ದ. ನಾನೇ ನೋಡ್ದೆ.” ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. “ಸುಟ್ಟೋಗ್ಲಿ ಅಂತಾನೂ ಅಂದ,” ಎಂದು ಸೇರಿಸಿದಳು.

ನಿಂಗರಾಜು ಬರೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ದೊಡ್ಡಸಿದ್ದಯ್ಯ ಪೆಟ್ಟಿಗೆಯೊಳಗೆ ತಂತಿ ಸಿಕ್ಕಿಸಿದ್ದ. ಮೂರು ಗಂಟೆಗೆ ಕರ್ಪೂರ ಇಟ್ಟಿದ್ದ. ಐದು ಗಂಟೆಯ ಕಳಲೆ ಬಸ್ಸು ಹೊರಡುವಾಗ, ಇದಕ್ಕೆಂದೇ ಅವನು ಎಲ್ಲಿಂದಲೋ ಮದ್ದಿನ ಪುಡಿ ತರಿಸಿದ್ದನೆಂಬ ಸುದ್ದಿ ಆ ಬಸ್ಸಿನಲ್ಲಿ ಕೂತು ಕಳಲೆಗೆ ಹೋಯಿತು.

ಮರುದಿನ ರಾಜೇಂದ್ರ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ ಮೈಸೂರಿನ ಬಸ್ಸು ಹತ್ತಿದ. ಊರಿನವರು ಎದ್ದು ಅವನಿಗೆ ಸೀಟು ಕೊಟ್ಟರು. ಪಕ್ಕದಲ್ಲಿದ್ದ ಮುದುಕ ತಿಮ್ಮಯ್ಯ ದುಪ್ಪಟಿಯ ಮೇಲೆ ಮೆಲ್ಲಗೆ ಕೈಯಿಟ್ಟು, “ಉಳ್ಕೊಳಾದಾ?” ಎಂದು ಕೇಳಿದ. ಮೈಸೂರಿನವರೆಗೂ ಬಸ್ಸಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಜಗನ್ ಪೆಟ್ಟಿಗೆಯ ಪಕ್ಕದ ತಗಡು ತೆಗೆದು ಒಳಗೆ ಬಗ್ಗಿ ನೋಡಿದ. ಆಮೇಲೆ ಬ್ರಷ್ಷು ತೆಗೆದುಕೊಂಡು ತೌಡನ್ನು ಒಂದು ಕಾಗದದ ಮೇಲೆ ಗುಡಿಸಿದ. ಹಸುವಿಗೆ ಒಂದು ಹೊತ್ತಿಗಾಗುವಷ್ಟು ಬಂತು.

“ಸಾರ್, ಇದಕ್ಕೆ ಉಸಿರು ಎಳ್ಕೊಳಕ್ಕೆ ನಾಲ್ಕು ಮೂಗು ಇಟ್ಟಿದೀರ. ಬಿಡೋಕೆ ಒಂದೂ ಇಟ್ಟಿಲ್ಲ.”

ರಾಜೇಂದ್ರ ಕಾಗದದ ಮೇಲಿನ ತೌಡನ್ನು ನೋಡಿದ.

“ಒಳಗೆ ಎಷ್ಟು ಬರ್ತದೋ ಹೆಚ್ಚುಕಮ್ಮಿ ಅಷ್ಟೇ ಆಚೆ ಹೋಗ್ಬೇಕು ಸಾರ್. ಮುಂದೆ ಎರಡು ಒಳಕ್ಕೆ, ಹಿಂದೆ ಎರಡು ಹೊರಕ್ಕೆ. ಅಷ್ಟೇ ವಿಷಯ. ಕಿಂಡೀನೂ ಮುಚ್ಚಿದೀರ. ಪವರ್ ಸಪ್ಲೈ ಬೆಂದುಹೋಗಿದೆ, ಹೋಗ್ತಾ ಹಾರ್ಡ್ ಡಿಸ್ಕನ್ನೂ ಕರ್ಕೊಂಡೋಗಿದೆ.”

“ಒಳಗಿದ್ದದ್ದು?”

“ಫ್ಲಾಪೀಲಿ ಇಟ್ಟಿದೀರ ತಾನೇ?”

ರಾಜೇಂದ್ರ ಮೊದಲ ಬಾರಿಗೆ ‘ಗೊತ್ತು’ ಎನ್ನಲಿಲ್ಲ. ಎನ್ನಲು ಅಲ್ಲಿ ಏನೂ ಉಳಿದಿರಲಿಲ್ಲ.

ವಾಪಸು ಬರುವಾಗ ನಂಜನಗೂಡಿನಿಂದ ಹುಲ್ಲಹಳ್ಳಿಯವರೆಗೆ ಅವನು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದ. ‘ಸಿದ್ದಯ್ಯ ಏನೂ ಮಾಡಿಲ್ಲ, ತಪ್ಪು ನನ್ನದು.’ ದೇಬೂರು ದಾಟುವಾಗ ಅದು ಚೆನ್ನಾಗಿಯೇ ಬರುತ್ತಿತ್ತು. ಬಸ್ಸಿಳಿದರೆ ಮಂಗಳಮ್ಮನ ಹೋಟೆಲಿನ ಮುಂದೆ ಮೂವತ್ತು ಜನ. ಬೆಂಚಿನ ಮೇಲೆ ದೊಡ್ಡಸಿದ್ದಯ್ಯ ಕೂತಿದ್ದ. ಅವನ ಎರಡೂ ಪಕ್ಕ ಜಾಗ ಖಾಲಿಯಿತ್ತು.

“ಏನಂದ್ರು ಮೇಷ್ಟ್ರೇ?” ಎಂದ ನಿಂಗರಾಜು. “ಯಾರ್ದೋ ಕೈವಾಡ ಅಂದ್ರಾ?”

ರಾಜೇಂದ್ರ ಬಾಯಿ ತೆರೆದ. ಮೂವತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಮಿಕ್ಸಿಯವಳೂ ನೋಡುತ್ತಿದ್ದಳು. ಬಸ್ಸಿನಲ್ಲಿ ಕಲಿತ ವಾಕ್ಯ ಎಲ್ಲೋ ಹೋಗಿ, ಅದರ ಬದಲಿಗೆ ಬೇರೆಯೇ ಹೊರಬಂತು.

“ಇದು ಸ್ವಲ್ಪ ಟೆಕ್ನಿಕಲ್ ವಿಷಯ.”

“ಅಂದ್ರೆ ಬೇಕೂಂತ ಮಾಡಿದ್ದು. ಅಷ್ಟೇ ತಾನೆ?”

“ಈಗಲೇ ಏನೂ ಹೇಳೋಕಾಗಲ್ಲ.”

ಅಷ್ಟು ಸಾಕಾಯಿತು. ಟೆಕ್ನಿಕಲ್ ಎಂಬ ಪದವನ್ನು ನಿಂಗರಾಜು ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದ. ದೊಡ್ಡಸಿದ್ದಯ್ಯ ರಾಜೇಂದ್ರನನ್ನು ಒಮ್ಮೆ ನೋಡಿ, ಲೋಟದಲ್ಲಿ ಉಳಿದಿದ್ದ ಟೀ ಕುಡಿದು, ಎದ್ದು ಹೋದ. ಅವನು ಹೋದ ಮೇಲೆ ಮಂಗಳಮ್ಮ ಆ ಲೋಟವನ್ನು ಬೇರೆ ಇಟ್ಟಳು.

ಮನೆಯಲ್ಲಿ ಹೆಂಡತಿ ರೋಜಾಗೆ ಮಾತ್ರ ರಾಜೇಂದ್ರ ನಿಜ ಹೇಳಿದ. ಅವಳು ಅನ್ನದ ತಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, “ಈಗ್ಲೇ ಹೋಗಿ ಹೇಳ್ಬುಡಿ. ಬಂದು ಉಣ್ಣಿ,” ಎಂದಳು.

“ನಾಳೆ ಹೇಳ್ತೀನಿ.”

ನಾಳೆ ಭಾನುವಾರ. ನಾಡಿದ್ದು ದೊಡ್ಡಸಿದ್ದಯ್ಯ ರಜೆ. ಆಮೇಲೆ ಬೇಸಿಗೆ ರಜೆಯೇ ಬಂತು. ಹೇಳಬೇಕಾದ ಮಾತಿಗೆ ಒಂದು ದಿನ ತಡವಾದರೆ ಅದನ್ನು ಹೇಳುವುದರ ಜೊತೆಗೆ ತಡವಾದದ್ದಕ್ಕೂ ಕಾರಣ ಹೇಳಬೇಕಾಗುತ್ತದೆ. ರಾಜೇಂದ್ರ ಕಾರಣ ಹುಡುಕುತ್ತಲೇ ಇದ್ದ. ಜೂನ್‌ನಲ್ಲಿ ಶಾಲೆ ತೆರೆದಾಗ ಬೇರೆ ಯಾರೋ ಗಂಟೆ ಬಾರಿಸಿದರು. ದೊಡ್ಡಸಿದ್ದಯ್ಯ ತಾನಾಗಿ ಕೇಳಿಕೊಂಡು ನರಸೀಪುರದ ಕಡೆಗೆ ವರ್ಗ ಮಾಡಿಸಿಕೊಂಡಿದ್ದ.

ಹೊಸ ಕಂಪ್ಯೂಟರ್ ಬಂದ ದಿನ ರಾಜೇಂದ್ರ ಸಾಕಮ್ಮನ ಮನೆಗೆ ಹೋದ. ಈ ಸಲ ದಿನಾ ಪ್ರಿಂಟ್ ತೆಗೆಯುತ್ತೇನೆ, ಮೊದಲಿನಿಂದ ಹೇಳು ಎಂದ. ಸಾಕಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು.

“ಕೆಳಗಲ ಬೀದಿ ಮಾದಮ್ಮನ ಮೂರ್ನೇದು, ಅವ್ವ. ಬನ್ನೂರಿನ ಬೆಲ್ಲ,” ಎಂದು ಅವನೇ ನೆನಪು ಮಾಡಿಕೊಟ್ಟ.

ಅವಳು ಬಹಳ ಹೊತ್ತು ಯೋಚಿಸಿದಳು. “ಯಾವ್ ಮಾದಮ್ಮ?” ಎಂದಳು. ಆಮೇಲೆ, ಅವನ ಮುಖ ನೋಡಿ ಅವಳಿಗೇ ಕನಿಕರವಾಯಿತು. “ಇಷ್ಟ್ ವರ್ಸ ಒತ್ಕೊಂಡಿದ್ದೆ ಕಣ್ ಮಗ. ನಿನ್ನ ಪೆಟ್ಟಿಗೇಲಿ ಇಳಿಸ್‌ಬುಟ್ಟೆ. ಈಗ ತಲೇಲಿ ಏನೂ ಇಲ್ಲ. ನಿದ್ದೆ ಚೆಂದಾಗಿ ಬತ್ತದೆ.”

ಮುಂದಿನ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಮಣ್ಣಿಗೆ ಬಂದವರಲ್ಲಿ ಮುಕ್ಕಾಲು ಪಾಲು ಅವಳ ಕೈಯಲ್ಲೇ ಹುಟ್ಟಿದವರು. ಅದರಲ್ಲಿ ಅರ್ಧ ಜನಕ್ಕೆ ತಮ್ಮ ವಯಸ್ಸು ಎಷ್ಟೆಂದು ಸರಿಯಾಗಿ ಗೊತ್ತಿರಲಿಲ್ಲ. ಇನ್ನು ಕೇಳಲು ಯಾರೂ ಇರಲಿಲ್ಲ.

ಹೊಸ ಪೆಟ್ಟಿಗೆಯಲ್ಲಿ ಎರಡು ಫ್ಯಾನು ಒಳಕ್ಕೆ, ಎರಡು ಹೊರಕ್ಕೆ ಊದುತ್ತಿದ್ದವು. ಅದು ಒಂದು ಬೇಸಿಗೆಯಲ್ಲೂ ಆರಲಿಲ್ಲ. ಹಿಂದಿನಿಂದ ಬರುವ ಬಿಸಿಗಾಳಿ ದಿನವಿಡೀ ರಾಜೇಂದ್ರನ ಮೊಣಕಾಲಿಗೆ ತಾಗುತ್ತಿತ್ತು. ರೋಜಾ ಮತ್ತೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು.

ನಾಲ್ಕು ವರ್ಷ ಹೀಗೆ ಬಿಸಿಗಾಳಿ ತಾಗಿಸಿಕೊಂಡ ಮೇಲೆ, ಎರಡು ಸಾವಿರದ ಎಂಟರಲ್ಲಿ ಒಂದು ಬೆಳಿಗ್ಗೆ ಅವನು ನರಸೀಪುರದ ಬಸ್ಸು ಹತ್ತಿದ. ದೊಡ್ಡಸಿದ್ದಯ್ಯ ನಿವೃತ್ತನಾಗಿದ್ದ. ಹೊಳೆಯ ಕಡೆ ಹೋಗುವ ಬೀದಿಯಲ್ಲಿ ಚಿಕ್ಕ ಬಾಡಿಗೆ ಮನೆ. ಬಿಂದುಶ್ರೀ ಓದು ಮುಗಿಸಿ ಟೀಚರ್ ಆಗಿದ್ದಳು. ಅವಳೇ ಬಾಗಿಲು ತೆರೆದು, ನೀರು ಕೊಟ್ಟು, ಒಳಗೆ ಹೋದಳು.

“ಸಿದ್ದಯ್ಯನವರೇ, ಆ ಪೆಟ್ಟಿಗೆ ಸುಟ್ಟದ್ದು ನನ್ನಿಂದ,” ಎಂದ ರಾಜೇಂದ್ರ, ಕೂರುವ ಮೊದಲೇ.

“ಗೊತ್ತು ಮೇಷ್ಟ್ರೇ. ಕೂತ್ಕೊಳಿ.”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ನಾನು ಹೇಳಿದ್ರೆ ಯಾರು ನಂಬ್ತಿದ್ರು. ನೀವು ಹೇಳ್ತೀರಿ ಅಂತ ಕಾಯ್ತಾ ಕೂತಿದ್ದೆ. ಆ ಬೆಂಚಿನ ಮೇಲೆ ಸ್ವಲ್ಪ ಹೊತ್ತು. ಆಮೇಲೆ ಮನೇಲಿ ಎರಡು ತಿಂಗಳು.”

ರಾಜೇಂದ್ರ ನೀರಿನ ಲೋಟವನ್ನು ಕೆಳಗಿಟ್ಟ.

“ಹೋದ ವರ್ಷ ನಮ್ಮ ತಮ್ಮ ತೀರ್ಕೊಂಡ,” ಎಂದ ದೊಡ್ಡಸಿದ್ದಯ್ಯ. “ಹುಲ್ಲಹಳ್ಳಿಗೆ ಬಂದು, ಮಣ್ಣು ಹಾಕಿ, ಹಂಗೇ ಬಸ್ಸು ಹತ್ತಿದೆ. ಒಬ್ರೂ ಟೀ ಕುಡಿ ಅನ್ನಲಿಲ್ಲ. ಇಲ್ಲಿ ಬಂದು ನನಗೆ ಹೇಳಿದ್ರೆ ಏನು ಬಂತು ಮೇಷ್ಟ್ರೇ, ನನಗೆ ಗೊತ್ತಿರೋದೇ. ಅಲ್ಲಿ ಹೇಳಿ.”

ಆ ಸಂಜೆಯೇ ರಾಜೇಂದ್ರ ಮಂಗಳಮ್ಮನ ಹೋಟೆಲಿಗೆ ಹೋದ. ನಿಂಗರಾಜು ಈಗ ಪಂಚಾಯ್ತಿ ಅಧ್ಯಕ್ಷ, ನಾಲ್ಕಾರು ಜನರ ನಡುವೆ ಕೂತಿದ್ದ. ರಾಜೇಂದ್ರ ನಿಂತುಕೊಂಡೇ, ನಾಲ್ಕು ವರ್ಷದ ಹಿಂದಿನ ವಾಕ್ಯವನ್ನು ಒಂದಕ್ಷರ ಬಿಡದೆ ಹೇಳಿದ. “ಸಿದ್ದಯ್ಯ ಏನೂ ಮಾಡಿಲ್ಲ, ತಪ್ಪು ನನ್ನದು. ನಾಲ್ಕು ಫ್ಯಾನೂ ಒಳಕ್ಕೆ ಹಾಕಿದ್ದೆ.”

ಮಂಗಳಮ್ಮನ ಕಣ್ಣಲ್ಲಿ ನೀರು ತುಂಬಿತು.

“ನೋಡ್ರಪ್ಪ,” ಎಂದಳು. “ಆಸ್ತಿಯಂಗಿದ್ದ ಪೆಟ್ಟಿಗೆ ಸುಟ್ಟೋನ ತಪ್ನೂ ತನ್ನ ಮ್ಯಾಲೆ ಆಕೊಳ್ತಾವ್ರೆ. ಇಂಥೋರೂ ಅವ್ರೆ ಊರಲ್ಲಿ.”

“ಇಲ್ಲ ಮಂಗಳಮ್ಮ. ನಿಜವಾಗ್ಲೂ ನಾನೇ. ಬಿಸಿಗಾಳಿ ಆಚೆ ಹೋಗೋಕೆ ದಾರಿ ಇಟ್ಟಿರಲಿಲ್ಲ.”

“ಮೇಷ್ಟ್ರೇ, ನಮಗೂ ಅಷ್ಟು ಗೊತ್ತು,” ಎಂದ ನಿಂಗರಾಜು. “ಗಾಳಿಗೆ ಅಂತ ಫ್ಯಾನು ಹಾಕ್ದೋರು ಒಳಕ್ಕೆ ಹಾಕ್ದೆ ಬೀದಿಗೆ ಹಾಕ್ತಾರಾ? ಅವ್ನು ಊರು ಬುಟ್ಟು ನಾಲ್ಕು ವರ್ಷ ಆಯ್ತು, ನೀವು ಕ್ಷಮಿಸಿದ್ದೀರ. ದೊಡ್ಡ ಮನಸು. ಬರೋ ಆಗಸ್ಟ್ ಹದಿನೈದಕ್ಕೆ ಪಂಚಾಯ್ತಿಯಿಂದ ನಿಮಗೊಂದು ಶಾಲು.”

ಎಲ್ಲರೂ ತಲೆಯಾಡಿಸಿದರು. ರಾಜೇಂದ್ರ ಇನ್ನೂ ಮೂರು ಸಲ ಹೇಳಿದ. ಪ್ರತಿಸಲವೂ ಅವನ ಮೇಲಿನ ಗೌರವ ಹೆಚ್ಚಾಯಿತು. ಮಂಗಳಮ್ಮ ಬೇಡವೆಂದರೂ ಟೀ ಕೊಟ್ಟಳು.

ಮನೆಗೆ ಹೋಗುವ ದಾರಿಯಲ್ಲೇ ಅವನು ಮೊಬೈಲು ತೆಗೆದು ದೊಡ್ಡಸಿದ್ದಯ್ಯನಿಗೆ ಫೋನು ಮಾಡಿದ.

“ಹೇಳಿದ್ರಾ ಮೇಷ್ಟ್ರೇ?”

“ಹೇಳಿದೆ.”

“ನಂಬಿದ್ರಾ?”

“ಇಲ್ಲ. ನನಗೆ ಶಾಲು ಹೊದಿಸ್ತಾರಂತೆ.”

ಆ ಕಡೆ ಹಿಂದೆಲ್ಲೋ ಬಿಂದುಶ್ರೀ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತ ಮೇಲೆ ದೊಡ್ಡಸಿದ್ದಯ್ಯ, ಎಂದಿನಂತೆ ಮೆಲ್ಲಗೆ, ಹೇಳಿದ.

“ನಾಳೆ ಇನ್ನೊಂದ್ಸಲ ಹೇಳಿ.”

ಮರುದಿನ ಬೆಳಿಗ್ಗೆ ಮಂಗಳಮ್ಮ ಒಲೆ ಹಚ್ಚಲು ಬರುವ ಮೊದಲೇ ರಾಜೇಂದ್ರ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ.